ಪಕ್ಕದ ಮನೆಯ ಗದ್ದಲ

ಮರದ ಫುಟ್‌ರೂಲರ್ ಮೇಜಿನ ಮೇಲೆ ಬಿದ್ದರೆ 'ಫಟ್' ಎನ್ನುವುದಿಲ್ಲ, 'ಠಪ್' ಎನ್ನುತ್ತದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ ನಮ್ಮಂಥವರಿಗೆ ಈ ವ್ಯತ್ಯಾಸ ಗೊತ್ತು. ಆ ಸದ್ದಿನ ಬೆನ್ನಿಗೇ ಸಿಸ್ಟರ್ ಬೆನೆಡಿಕ್ಟಾ "ಸೈಲೆನ್ಸ್!" ಎನ್ನುತ್ತಿದ್ದರು, ಇಡೀ ಕ್ಲಾಸು ಸ್ಪ್ರಿಂಗ್ ಹಾಕಿದಂತೆ ಎದ್ದು ನಿಲ್ಲುತ್ತಿತ್ತು. ಬಾಯಿ ಮುಚ್ಚಿ ಎಂದರೆ ಎದ್ದೇಕೆ ನಿಲ್ಲಬೇಕು ಎಂದು ಯಾರೂ ಕೇಳಲಿಲ್ಲ, ಅಲ್ಲಿ ಕೇಳುವ ಪದ್ಧತಿ ಇರಲಿಲ್ಲ. ಆಮೇಲೆ ನಾನು ಆಲ್ಜೀಬ್ರಾ ಮರೆತೆ, ಹತ್ತಿರದ ನೆಂಟರ ಹೆಸರುಗಳನ್ನೂ ಮರೆಯುತ್ತಿದ್ದೇನೆ. ನನ್ನ ಮೊಣಕಾಲುಗಳು ಮಾತ್ರ ಏನನ್ನೂ ಮರೆತಿಲ್ಲ. ಮೆಟ್ಟಿಲು ಹತ್ತು ಎಂದರೆ ಒಲ್ಲೆ ಎನ್ನುತ್ತವೆ, ಅದು ಬೇರೆ ಮಾತು.

ಈಗ ನಾನಿರುವುದು ಹ್ಯಾನೋವರಿನಲ್ಲಿ, ಮಗಳು ಸುಧಾಳ ಮನೆಯಲ್ಲಿ. ಪಕ್ಕದ ಹಳೆಯ ಬಂಗಲೆ ವಿದ್ಯಾರ್ಥಿಗಳ ಸಂಘವೊಂದರದು. ಹಾಸ್ಟೆಲ್ ಅಲ್ಲ, ಕ್ಲಬ್ಬೂ ಅಲ್ಲ. ಜರ್ಮನರು ಫೆರ್ಬಿಂಡುಂಗ್ ಎನ್ನುತ್ತಾರೆ. ಕಾಲೇಜಿನಲ್ಲಿದ್ದಾಗ ಒಮ್ಮೆ ಸೇರಿದರೆ ಸಾಯುವ ತನಕ ಮೆಂಬರು. ನೌಕರಿ, ಮದುವೆ, ಪೆನ್ಶನ್ ಎಲ್ಲ ಮುಗಿದ ಮೇಲೂ ಎದೆಗೆ ಅಡ್ಡಲಾಗಿ ಮೂರು ಬಣ್ಣದ ಪಟ್ಟಿ ಕಟ್ಟಿ, ತಲೆಗೆ ಪುಟ್ಟ ಟೋಪಿ ಇಟ್ಟುಕೊಂಡು ಬಂದು ಬಿಯರ್ ಕುಡಿದು ಹಾಡುತ್ತಾರೆ. ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ. ಗದ್ದಲದಲ್ಲಿ ಮಾತ್ರ ನಮಗೆ ಸಮಪಾಲು. ಭಾನುವಾರ ನಾನು ಶೇಂಗಾ ಚಟ್ನಿಗೆ ಮಿಕ್ಸರ್ ಹಾಕಿದರೆ ಸಾಕು, ಸುಧಾ ಓಡಿಬಂದು ಅದಕ್ಕೆ ಟವೆಲ್ ಸುತ್ತುತ್ತಾಳೆ. "ಅವ್ವಾ, ಇಲ್ಲೆ ಸಂಡೇ ಸಪ್ಪಳಾ ಮಾಡೂಹಂಗಿಲ್ಲ!" ಅಷ್ಟರಲ್ಲೇ ಪಕ್ಕದ ನೆಲಮಾಳಿಗೆಯಿಂದ ಕತ್ತಿಗೆ ಕತ್ತಿ ಬಡಿಯುವ ಸದ್ದು. ಅದಕ್ಕೆ ಯಾರೂ ಟವೆಲ್ ಸುತ್ತುವುದಿಲ್ಲ.

ನಾನು ದೂರು ಕೊಡಲು ಹೋದೆ. ಬೇಲಿಯ ಆಚೆ ಗುಲಾಬಿ ಗಿಡ ಕತ್ತರಿಸುತ್ತಿದ್ದವರು ಹೆರ್ ರೈಮರ್ಸ್: ಸಂಘದ ಹಿರಿಯ ಸದಸ್ಯರು, ಒಂದು ಕಾಲಕ್ಕೆ ಸೇತುವೆ ಕಟ್ಟುವ ಎಂಜಿನಿಯರ್, ಆಗ ಸಂಘದ ಇತಿಹಾಸ ಬರೆಯುತ್ತಿದ್ದವರು. ಕತ್ತಿಯ ಸದ್ದಿನ ಬಗ್ಗೆ ಹೇಳಿದೆ. "ಫ್ರಾವ್ ದೇಸಾಯಿ, ಅದು ಗದ್ದಲವಲ್ಲ, ಮೂರನೆಯ ಅಧ್ಯಾಯ" ಎಂದರು. ಸಂಘದ ಹುಡುಗರು ಇಬ್ಬಿಬ್ಬರಾಗಿ ಎದುರು ನಿಂತು ಕತ್ತಿ ಬೀಸುವುದು ಹಳೆಯ ಪದ್ಧತಿಯಂತೆ. ಕತ್ತಿ ಹರಿತವಾದದ್ದೇ, ಕಣ್ಣು, ಕುತ್ತಿಗೆಗೆ ರಕ್ಷಣೆ ಕಟ್ಟಿ, ಕೆನ್ನೆ ಮಾತ್ರ ಬಿಟ್ಟಿರುತ್ತಾರಂತೆ. ಗೆಲ್ಲುವುದು ಸೋಲುವುದು ಏನೂ ಇಲ್ಲ. ತಲೆ ಹಿಂದಕ್ಕೆ ತೆಗೆಯಬಾರದು, ಅಷ್ಟೇ. ತಮ್ಮ ಎಡಗೆನ್ನೆಯ ಗೆರೆ ತೋರಿಸಿ, "ಇದನ್ನು ನೋಡಿಯೇ ನನ್ನ ಹೆಂಡತಿ ಒಪ್ಪಿದ್ದು" ಎಂದರು. ನಾನೂ ತೋಳಿನ ಮೇಲಿನ ಸಿಡುಬಿನ ಚುಚ್ಚುಮದ್ದಿನ ಗುರುತು ತೋರಿಸಿ, "ಇದನ್ನು ನೋಡಿಯೇ ನಮಗೆ ಸ್ಕೂಲ್ ಅಡ್ಮಿಷನ್" ಎಂದೆ. ಅವರು ಬಗ್ಗಿ ನೋಡಿ, ಒಳ್ಳೆಯ ಕೆಲಸ ಎಂಬಂತೆ ತಲೆಯಾಡಿಸಿದರು.

ಅಲ್ಲಿಂದ ಮುಂದೆ ನಾನು ದೂರು ಕೊಟ್ಟಾಗಲೆಲ್ಲ ಒಂದೊಂದು ಅಧ್ಯಾಯ ಕೇಳಿಸಿಕೊಂಡು ಬರುತ್ತಿದ್ದೆ. ಹಾಡಿನ ಗಲಾಟೆಗೆ ಐದನೆಯದು ಸಿಕ್ಕಿತು. "ಮೊದಲು ನಮ್ಮವರೇ ಹಿಟ್ಲರನ ಸರ್ಕಾರಕ್ಕೆ ಚಪ್ಪಾಳೆ ತಟ್ಟಿದರು. ಆಮೇಲೆ ಅದೇ ಸರ್ಕಾರ ನಮ್ಮ ಸಂಘವನ್ನು ಮುಚ್ಚಿಸಿತು. ಎರಡನ್ನೂ ಬರೆದಿದ್ದೇನೆ" ಎಂದರು. ಯಾರೋ ಒಬ್ಬರು ಬಣ್ಣದ ಪಟ್ಟಿಗಳನ್ನು ತಲೆದಿಂಬಿನೊಳಗೆ ಹೊಲಿದು ಇಟ್ಟಿದ್ದರಂತೆ. ಯುದ್ಧ ಮುಗಿದ ಮೇಲೆ ದಿಂಬು ಬಿಚ್ಚಿದರೆ, ಪಟ್ಟಿಗಳು ಹೆಚ್ಚು, ಎದೆಗಳು ಕಡಿಮೆ. ಆ ದಿನ ನಾನೂ ನನ್ನ ಹಸಿರು ಪಟ್ಟಿಯ ಕಥೆ ಹೇಳಿದೆ. ಕಾನ್ವೆಂಟಿನಲ್ಲಿ ನಾನು ಗ್ರೀನ್ ಹೌಸಿನ ವೈಸ್ ಕ್ಯಾಪ್ಟನ್. ಹುಡುಗಿಯರು ಕಡಿಮೆಯಾದರೆಂದು ಒಂದು ಬೆಳಿಗ್ಗೆ ಅಸೆಂಬ್ಲಿಯಲ್ಲಿ, ಎರಡು ಪ್ರಾರ್ಥನೆಗಳ ನಡುವೆ, ಮದರ್ ಸುಪೀರಿಯರ್ ನಮ್ಮನ್ನು ಬ್ಲೂ ಹೌಸಿಗೆ ಸೇರಿಸಿಬಿಟ್ಟರು. "ಪಟ್ಟಿ?" ಎಂದರು ರೈಮರ್ಸ್. ಸ್ಕೂಲ್ ಪ್ರಾಪರ್ಟಿ, ವಾಪಸ್ ಇಸಿದುಕೊಂಡರು ಎಂದೆ. ಅವರು ಕತ್ತರಿ ಕೆಳಗಿಟ್ಟರು. "ಅನಾಗರಿಕರು."

ಹೋದ ವರ್ಷ ಅವರ ಸಂಘಕ್ಕೇ ಆ ಗತಿ ಬಂತು. ಹೊಸ ಹುಡುಗರು ಸೇರುತ್ತಿಲ್ಲ, ಛಾವಣಿ ಸೋರುತ್ತಿದೆ, ಮನೆ ಮಾರಿ ಬೇರೆ ಊರಿನ ಸಂಘದೊಳಗೆ ಸೇರಿಬಿಡೋಣ ಎಂದು ಉಳಿದ ಹಿರಿಯರು ಹೊರಟರು. ವಾರ್ಷಿಕೋತ್ಸವದ ಸಂಜೆ ತೀರ್ಮಾನ. "ಮುಚ್ಚಿದರೆ ಕೊನೆಯ ಅಧ್ಯಾಯ ನಾನೇ ಬರೆಯಬೇಕು. ನನ್ನ ಕೈಲಾಗದು" ಎಂದರು ರೈಮರ್ಸ್. ಇಷ್ಟು ವರ್ಷ ಗದ್ದಲ ಸಹಿಸಿದ್ದಕ್ಕೆ ನನಗೂ ಸುಧಾಳಿಗೂ ಅತಿಥಿಗಳೆಂದು ಕರೆ ಬಂದಿತ್ತು.

ಉದ್ದನೆಯ ಮೇಜುಗಳು. ಎಲ್ಲರ ಮುಂದೆ ಬಿಯರ್, ನನ್ನ ಮುಂದೆ ಆಪಲ್ ಜ್ಯೂಸ್. ಮಾರುವ ಮಾತು ಶುರುವಾಗಬೇಕು, ಅಷ್ಟರಲ್ಲಿ ಅಧ್ಯಕ್ಷಗಿರಿಯ ಹುಡುಗ ಕತ್ತಿಯನ್ನು ಮಟ್ಟಸವಾಗಿ ಮೇಜಿನ ಮೇಲೆ ಬಡಿದ. 'ಫಟ್' ಅಲ್ಲ, 'ಠಪ್'. "ಸಿಲೆಂಟಿಯುಮ್!"

ನಾನು ಎದ್ದು ನಿಂತೆ.

ಇಡೀ ಹಾಲಿನಲ್ಲಿ ನಿಂತವಳು ನಾನೊಬ್ಬಳೇ. ಸುಧಾ ಸೆರಗು ಜಗ್ಗಿದಳು. "ಅವ್ವಾ, ಕೂಡs! ಯಾಕ ಎದ್ದಿ?" ಯಾಕೆಂದು ನನಗಾದರೂ ಏನು ಗೊತ್ತು, ಮೊಣಕಾಲನ್ನು ಕೇಳಬೇಕು. ಆದರೆ ಕತ್ತಿ ಬಡಿದ ಮೇಲೆ ಎದ್ದವರು ಮಾತನಾಡಲು ಅಪ್ಪಣೆ ಕೇಳುತ್ತಿದ್ದಾರೆಂದೇ ಅಲ್ಲಿನ ಅರ್ಥ. ಹುಡುಗ ಗಾಬರಿಯಿಂದ ರೈಮರ್ಸ್ ಕಡೆ ನೋಡಿದ. ರೈಮರ್ಸ್ ಸೋರುವ ಛಾವಣಿ ನೋಡುತ್ತಾ, "ಅತಿಥಿ ಮಾತನಾಡುತ್ತಾರೆ" ಎಂದರು.

ಇಂಗ್ಲಿಷಿನಲ್ಲೇ ಹೇಳಿದೆ. ಬ್ಲೂ ಹೌಸಿನವರು ಒಳ್ಳೆಯವರು, ನನಗೆ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟರು. ಗ್ರೀನ್ ಹೌಸಿನ ಹಾಡಿನ ಎರಡನೆಯ ನುಡಿ ಈಗ ನನಗೊಬ್ಬಳಿಗೇ ಬರುತ್ತದೆ, ತಪ್ಪು ಹಾಡಿದರೂ ತಿದ್ದುವವರಿಲ್ಲ. ನಿಮ್ಮ ಗದ್ದಲದ ಬಗ್ಗೆ ನನ್ನ ದೂರು ಹಾಗೇ ಇದೆ, ಆದರೆ ನೀವು ಹೋದರೆ ಅದನ್ನು ಕೊಡುವುದು ಯಾರಿಗೆ? ಇಷ್ಟು ಹೇಳಿ, ಅಭ್ಯಾಸಬಲದಿಂದ "ಥ್ಯಾಂಕ್ ಯೂ, ಸಿಸ್ಟರ್" ಎಂದು ಮುಗಿಸಿ ಕೂತೆ. ಅವರೆಲ್ಲ ಬೆರಳ ಗೆಣ್ಣಿನಿಂದ ಮೇಜು ಬಡಿದರು. ಚಪ್ಪಾಳೆಯ ಬದಲು ಇಲ್ಲಿ ಹಾಗೆ. ನಾನು ಮತ್ತೆ ಎದ್ದು ನಿಂತೆ.

ಛಾವಣಿ ತಜ್ಞರ ಅಭಿಪ್ರಾಯ ಬರುವ ತನಕ ತೀರ್ಮಾನ ಮುಂದಕ್ಕೆ ಹೋಯಿತು. ಈಗಲೂ ಬಂದಿಲ್ಲ. ಕತ್ತಿಯ ಸದ್ದು ಬರುತ್ತಿದೆ.

ಹೆರ್ ರೈಮರ್ಸರನ್ನು ನಾನು ಕೊನೆಯ ಸಲ ನೋಡಿದ್ದು ವೃದ್ಧಾಶ್ರಮದ ಕಿಟಕಿಯ ಬಳಿ. ಸ್ವೆಟರಿನ ಮೇಲೆ ಮೂರು ಬಣ್ಣದ ಪಟ್ಟಿ. ಇತಿಹಾಸದಲ್ಲಿ ನಾನು ಯಾವ ಅಧ್ಯಾಯ ಎಂದು ಕೇಳಿದೆ. ಅವರಿಗೆ ಸಂಕೋಚವಾಯಿತು. ಸಂಘದ ನಿಯಮದಂತೆ ಆ ಹಾಲಿನಲ್ಲಿ ಹೆಂಗಸು ಮಾತನಾಡುವಂತಿಲ್ಲ, ಆದ್ದರಿಂದ ನಾನು ಮಾತನಾಡಿಯೇ ಇಲ್ಲ. ಸುಳ್ಳು ಬರೆಯಲೂ ಮನಸ್ಸಿಲ್ಲ. ಕೊನೆಗೆ ಹೀಗೆ ಬರೆದರಂತೆ: "ಪಕ್ಕದ ಮನೆಯ ಗದ್ದಲದಿಂದಾಗಿ ತೀರ್ಮಾನವನ್ನು ಮುಂದೂಡಲಾಯಿತು."

ಸರಿಯಾಗಿದೆ ಎಂದೆ. ಸುಧಾ ಕಾಯುತ್ತಿರುತ್ತಾಳೆಂದು ಹೊರಡಲು ಎದ್ದೆ. ಅವರು ಟ್ರೇ ಮೇಲಿದ್ದ ಚಮಚ ತೆಗೆದು ಮೇಜಿಗೆ ಠಪ್ ಎಂದು ಬಡಿದರು. ನಾನು ಆಗಲೇ ನಿಂತಿದ್ದೆ. ಮೊಣಕಾಲಿಗೆ ಬೇರೇನೂ ತೋಚದೆ, ಕೂತುಬಿಟ್ಟೆ.