ಕಣ್ಣಿನ ವಾರ್ಡಿನಲ್ಲೊಂದು ಕೊಲೆ

ಅಕ್ಕನ ಕಣ್ಣಿಗೆ ಆಪರೇಶನ್ ಆಗದೆ ಇದ್ದಿದ್ದರೆ ಆ ಪತ್ತೇದಾರಿ ಕಾದಂಬರಿಯನ್ನು ಅವಳೇ ಓದಿ, ಅವಳೇ ಬೈದು, ಮೂಲೆಗೆಸೆದು ಸುಮ್ಮನಾಗುತ್ತಿದ್ದಳು. ಆದರೆ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು. ಹಾಗಾಗಿ ಓದಿ ಹೇಳುವ ಕೆಲಸ ತಮ್ಮನ ತಲೆಗೆ ಬಂತು.

ತಮ್ಮನದು ಗಡಿಯಾರ ರಿಪೇರಿ ಅಂಗಡಿ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಸಾಕಿದಷ್ಟೇ ಮನಸಾರೆ ಬೈದವಳೂ ಅವಳೇ. ಅವತ್ತು ಅಂಗಡಿಗೆ ಬೀಗ ಹಾಕಿ, ಮುಖಪುಟದಲ್ಲಿ ರಕ್ತ ಜಾಸ್ತಿ ಇದ್ದ ಪುಸ್ತಕವನ್ನೇ ಆರಿಸಿ ತಂದು, ಬೆಳಗ್ಗೆಯೇ ಅವಳ ಪಕ್ಕ ಓದಲು ಕೂತ.

ಬಾಗಿಲು ಹಾಕಿದ ಕೋಣೆಯಲ್ಲಿ ಶ್ರೀಮಂತ ಮುದುಕನೊಬ್ಬ ಸತ್ತುಬಿದ್ದಿದ್ದಾನೆ. ಅಳಿಯ, ಸೊಸೆ, ಮನೆ ಡಾಕ್ಟರು ಅಂತ ಮನೆ ತುಂಬ ಅನುಮಾನದ ಜನ. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ಹಾಸಿಗೆಗಳೂ ಕಿವಿ ನಿಮಿರಿಸಿದವು.

"ಅಳಿಯನೇ ಕೊಂದಿರೋದು, ನಾನ್ ಹೇಳ್ತೀನಿ ಕೇಳಿ," ಎಂದರು ಎಡಗಡೆಯ ಬಸ್ ಕಂಡಕ್ಟರಮ್ಮ.

"ಅವಸರ ಬೇಡಾರೀ. ಆ ಸೊಸೆ ಯಾಕೆ ಅಷ್ಟು ಬೇಗ ಅತ್ತಳು?" ಎಂದರು ಬಲಗಡೆಯ ಟೀಚರಮ್ಮ.

"ಸ್ವಲ್ಪ ಸುಮ್ನಿರ್ತೀರಾ? ನನ್ನ ತಮ್ಮ ಓದ್ತಿದಾನೆ," ಎಂದಳು ಅಕ್ಕ.

'ನನ್ನ ತಮ್ಮ' ಎಂಬ ಮಾತನ್ನು ಅವಳ ಬಾಯಲ್ಲಿ ಇಷ್ಟು ಹೆಮ್ಮೆಯಿಂದ ಅವನು ಎಂದೂ ಕೇಳಿರಲಿಲ್ಲ. ಗಂಟಲು ಮರಳುಕಾಗದದಂತಾದರೂ ಬಿಡದೆ ಓದಿದ.

ಸಂಜೆಗೆ ಕೊನೆಯ ಅಧ್ಯಾಯ ಬಂತು. ಅವನ ಕಣ್ಣು ನಾಲಗೆಗಿಂತ ಮುಂದೆ ಓಡಿತು. ಓಡಿ ಕುಸಿಯಿತು. ಮುದುಕನನ್ನು ಕೊಂದವನು ಯಾವನೋ ಒಬ್ಬ ಕಳ್ಳ! ಅಲ್ಲಿಯವರೆಗೆ ಕತೆಯೊಳಗೆ ತಲೆಯನ್ನೇ ಹಾಕದವನು, ತಾನಾಗಿ ಪೊಲೀಸರ ಮುಂದೆ ಬಂದು ತಪ್ಪಾಯಿತು ಎನ್ನುತ್ತಾನೆ. ಊಟಕ್ಕೆ ಕರೆದು ದಿನವಿಡೀ ಕೂರಿಸಿ, ಕೊನೆಗೆ ಬರೀ ನೀರು ಬಡಿಸಿದ ಹಾಗಿತ್ತು.

"ಯಾಕೋ ನಿಲ್ಲಿಸ್ದೆ? ಯಾರೋ ಕೊಂದಿದ್ದು?" ಅಕ್ಕ ಅವನ ತೋಳು ಹಿಡಿದು ಜಗ್ಗಿದಳು.

ಆ ಮುಖಕ್ಕೆ ಆ ಕಳ್ಳನನ್ನು ತೋರಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಡಾಕ್ಟ್ರು ಅಕ್ಕಾ," ಎಂದುಬಿಟ್ಟ. "ಅದೇ, ಅವರ ಮನೆ ಡಾಕ್ಟ್ರು. ಔಷಧಿ ಬಾಟಲೀಗೇ ವಿಷ ಬೆರೆಸಿದ್ದ."

"ಅಯ್ಯಯ್ಯೋ, ಎಷ್ಟು ನಯವಾಗಿ ಮಾತಾಡ್ತಿದ್ದ ಮನುಷ್ಯ!" ಕಂಡಕ್ಟರಮ್ಮ ಎದ್ದು ಕೂತರು.

"ಭೇಷ್ ಕಣೋ! ಎಂಥಾ ಪುಸ್ತಕ ತಂದೆ!" ಅಕ್ಕ ತಡಕಾಡಿ ಅವನ ತಲೆ ಸವರಿದಳು.

ಅದೇ ಹೊತ್ತಿಗೆ ವಾರ್ಡಿನ ಡಾಕ್ಟರು ಔಷಧಿ ಬಾಟಲಿ ಹಿಡಿದು, ಬಹಳ ನಯವಾಗಿ ನಗುತ್ತ ಒಳಗೆ ಬಂದರು. ಕಂಡಕ್ಟರಮ್ಮ ಪಟ್ಟಿಯ ಮೇಲೆ ಎರಡೂ ಕೈ ಮುಚ್ಚಿಕೊಂಡರು.

"ಮೊದ್ಲು ನೀವು ಹಾಕ್ಕೊಳ್ಳಿ."

"ಬಾಟಲಿ ಮೇಲೆ ಏನು ಬರೆದಿದೆ, ಗಟ್ಟಿಯಾಗಿ ಓದಿ," ಎಂದರು ಟೀಚರಮ್ಮ.

ಡಾಕ್ಟರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಪುಸ್ತಕ ಕಿತ್ತುಕೊಂಡು ಕೊನೆಯ ಪುಟವನ್ನು ತಾವೇ ಜೋರಾಗಿ ಓದಿದರು. ಕಳ್ಳ ಹೊರಬಿದ್ದ.

"ಕೊನೆ ತೀರಾ ಸಪ್ಪೆ ಇತ್ತು, ಅಕ್ಕಾ. ನಿನಗೆ ಬೇಜಾರಾಗುತ್ತೆ ಅಂತ ನಾನೇ ಕಟ್ಟಿ ಹೇಳ್ದೆ," ಎಂದ ತಮ್ಮ.

"ಕಣ್ಣು ಕಾಣದೋಳಿಗೆ ಇಲ್ಲದ್ದನ್ನ ಓದಿ ಹೇಳ್ತೀಯೇನೋ?"

ಅಷ್ಟು ಹೇಳಿ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಜೋರಾಗಿ ಬೈದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಡಾಕ್ಟರು ಎಲ್ಲರಿಗೂ ಔಷಧಿ ಹಾಕಿ ಹೊರಟರು. ಕಂಡಕ್ಟರಮ್ಮ, "ಆ ಕಳ್ಳನ್ನ ನಾನೂ ಒಂದ್ಸಲ ನೋಡ್ತೀನಿ ತಡೀರಿ," ಎಂದು ಒಳ್ಳೆಯ ಕಣ್ಣಿನ ಹತ್ತಿರ ಪುಸ್ತಕ ಹಿಡಿದರು. ಟಿಕೆಟ್ ಹರಿದು ಪಳಗಿದ ಹೆಬ್ಬೆರಳು ನಾಲಗೆ ಮುಟ್ಟಿ ಬಂದು ಹಾಳೆಯನ್ನು ಉಜ್ಜಿತು.

"ಏ, ಇಲ್ಲಿ ಇನ್ನೊಂದು ಹಾಳೆ ಅಂಟ್ಕೊಂಡಿದೆ ಕಣ್ರೀ!"

ಅವರು ಎಡವುತ್ತ ಓದಿದರು. ಕಳ್ಳ ಒಪ್ಪಿಕೊಂಡದ್ದೆಲ್ಲ ಸುಳ್ಳು. ಅವನನ್ನು ಹೆದರಿಸಿ ಒಪ್ಪಿಸಿದವನು ಮನೆ ಡಾಕ್ಟರು. ಮುದುಕ ಸತ್ತದ್ದು ಔಷಧಿಯಲ್ಲಿ ಬೆರೆಸಿದ ವಿಷದಿಂದ.

ಕೂದಲಿನಂಥ ಸ್ಪ್ರಿಂಗು ಬಿಡಿಸುವ ತನ್ನ ಕೈಗೆ ಎರಡು ಹಾಳೆ ಬಿಡಿಸಲಾಗಲಿಲ್ಲವಲ್ಲ ಎಂದು ತಮ್ಮ ತನ್ನನ್ನೇ ಬೈದುಕೊಂಡ. ಆದರೂ ಆಸೆ ಚಿಗುರಿತು.

"ಅಕ್ಕಾ, ಕೇಳ್ದೆಯಾ? ನಾನು ಹೇಳಿದ್ದೇ ನಿಜ!"

ಅಕ್ಕ ನಿಧಾನವಾಗಿ ಈಚೆ ಹೊರಳಿದಳು.

"ಕೇಳ್ದೆ. ನಿನ್ನಂಥೋನಿಗೇ ಕೂತಲ್ಲಿ ಹೊಳೆದುಬಿಡ್ತು ಅಂದ್ಮೇಲೆ ಅದೂ ಒಂದು ಪತ್ತೇದಾರಿ ಕಾದಂಬರಿಯೇನೋ? ಹೋಗಿ ಹೋಗಿ ಇಂಥದ್ದನ್ನ ತಂದ್ಯಲ್ಲ!"

"ಅದೂ ನಿಜವೇ," ಎಂದರು ಟೀಚರಮ್ಮ. "ನಾಳೆಯಿಂದ ನನ್ನ ಸೊಸೆ ಓದ್ತಾಳೆ ಬಿಡಿ."

ಅಕ್ಕ ಹೂಂ ಎಂದಳು.

ತಮ್ಮ ತಾನು ಕೂತಿದ್ದ ಸ್ಟೂಲನ್ನು ಸದ್ದಾಗದಂತೆ ಅಕ್ಕನ ಹಾಸಿಗೆಗೆ ಇನ್ನಷ್ಟು ಹತ್ತಿರ ಸರಿಸಿ, ನಾಳೆ ಆ ಸೊಸೆಗೆ ಬೇಕಾಗುತ್ತದಲ್ಲ ಅಂದುಕೊಂಡು ಹೊರಬಿದ್ದ.