ರಾಣಿಯ ಮೈಬಣ್ಣ

ಶಿಮೆಲಿಸ್‌ನ ಆವತ್ತಿನ ಕಷ್ಟಕ್ಕೆಲ್ಲ ಕಾರಣ ಅರ್ಧ ನಿಂಬೆಹಣ್ಣು ಮತ್ತು ಒಂದು ಹಿಡಿ ಬೂದಿ. ಅವೆರಡೂ ಇದ್ದದ್ದು ಹೆಂಡತಿ ಯೆಶಿಯ ಕೈಯಲ್ಲಿ. ಹಾಗಾಗಿ ಬಯ್ಯುವುದಕ್ಕೂ ಬಾಯಿ ಬರಲಿಲ್ಲ.

ಶಿಮೆಲಿಸ್ ಗೊಂಡರ್ ಪೇಟೆಯ ದರ್ಜಿ. ಅವನ ಹೊಲಿಗೆ ಯಂತ್ರ ಅವನಿಗಿಂತ ವಯಸ್ಸಿನಲ್ಲಿ ದೊಡ್ಡದು. ನಾಲ್ಕು ಹೊಲಿಗೆ ಹಾಕಿದರೆ ಐದನೆಯದನ್ನು ನುಂಗುತ್ತಿತ್ತು. ಅವನು ಹೊಲಿದ ಪ್ಯಾಂಟು ತೊಟ್ಟ ಮದುಮಗನೊಬ್ಬ ಚರ್ಚಿನಲ್ಲಿ ಬಗ್ಗಿ ನಮಸ್ಕರಿಸಿದಾಗ ಹಿಂದಿನಿಂದ ಬಂದ ಸದ್ದಿಗೆ ಪಾದ್ರಿಗಳು ಪ್ರಾರ್ಥನೆಯನ್ನೇ ಮರೆತಿದ್ದರು. ಅಂದಿನಿಂದ ಗಿರಾಕಿಗಳು ಬೀದಿಯ ಆ ಬದಿಯಲ್ಲೇ ಓಡಾಡುತ್ತಿದ್ದರು. ಹೊಸ ಯಂತ್ರ ಬರದಿದ್ದರೆ ಅಂಗಡಿಗೆ ಬೀಗ ಹಾಕುವುದೊಂದೇ ದಾರಿ.

ಅಂಥ ಹೊತ್ತಿನಲ್ಲಿ ಸತ್ತ ಸೋದರತ್ತೆಯ ಪೆಟ್ಟಿಗೆಯ ತಳದಲ್ಲಿ ಒಂದು ಹಳೇ ಬೆಳ್ಳಿ ನಾಣ್ಯ ಸಿಕ್ಕಿತ್ತು. ಅದರ ಮೇಲೆ ಮಾರ್ತ್ರೆಜಾ ಎಂಬ ಪರದೇಶದ ರಾಣಿಯ ದಪ್ಪ ಮುಖ, ಎದೆಯ ಮೇಲೆ ಮುತ್ತಿನ ಪದಕ. ಮೈ ಮಾತ್ರ ನೀಲಿಗಪ್ಪು. ಹೋದ ವಾರ ಅಡಿಸ್ ಅಬಾಬಾದಿಂದ ಬಂದಿದ್ದ ನಾಣ್ಯದ ವ್ಯಾಪಾರಿ ಗೆಬೆಯೆಹು ಅದನ್ನು ಬೆಳಕಿಗೆ ಹಿಡಿದು ನೋಡಿ, ಕೂಸನ್ನು ಮಲಗಿಸುವ ಹಾಗೆ ಬಟ್ಟೆಯ ಮೇಲಿಟ್ಟಿದ್ದ.

"ಇದನ್ನ ಕೊಳೆ ಅಂದ್ಕೋಬೇಡಿ," ಎಂದಿದ್ದ. "ಬೆಳ್ಳಿ ವಯಸ್ಸಾದಂಗೆ ಬಣ್ಣ ತಿರುಗುತ್ತೆ. ಮೊದಲು ಹೊಂಬಣ್ಣ, ಆಮೇಲೆ ನೇರಳೆ, ಆಮೇಲೆ ಹೀಗೆ ನೀಲಿ. ಕೆಳಗೆ ಹೊಳಪು ಇನ್ನೂ ಜೀವಂತವಾಗಿದೆ ನೋಡಿ. ಇನ್ನೂ ಕಪ್ಪಾಗಿ ಇದ್ದಿಲಾಗಿದ್ರೆ ಬೆಲೆ ಬಿದ್ದೋಗ್ತಿತ್ತು. ತೊಳೆದ್ರಂತೂ ಮುಗೀತು, ಮೊದಲ ದರ್ಜೆ ನಾಣ್ಯ ಕರಗಿಸೋ ಬೆಳ್ಳಿ ಆಗ್ಬಿಡುತ್ತೆ. ಶುಕ್ರವಾರ ದುಡ್ಡು ತರ್ತೀನಿ, ಅಲ್ಲೀವರೆಗೆ ಮುಟ್ಟಬೇಡಿ."

ಅವನು ಹೇಳಿದ ಬೆಲೆಗೆ ಹೊಸ ಯಂತ್ರ ಬಂದು, ಮೇಲೆ ಒಂದು ಕುರಿಗೂ ಮಿಗುತ್ತಿತ್ತು. ಶಿಮೆಲಿಸ್ ಹೆಂಡತಿಗೆ, "ಶುಕ್ರವಾರ ದೊಡ್ಡ ಮನುಷ್ಯರು ನಾಣ್ಯ ನೋಡೋಕೆ ಬರ್ತಾರೆ," ಎಂದಷ್ಟೇ ಹೇಳಿದ. ಬಣ್ಣದ ಗುಟ್ಟು ಬಿಡಲಿಲ್ಲ. ಯೆಶಿಗೆ ಹೇಳಿದರೆ ಬೀದಿಗೇ ಹೇಳಿದಂತೆ ಎಂಬ ಭಯ.

ಮನೆಗೆ ಅತಿಥಿ ಬರುತ್ತಾರೆಂದರೆ ಯಾವ ಹೆಂಗಸೂ ಮಾಡುವುದನ್ನೇ ಯೆಶಿ ಮಾಡಿದಳು. ಕಾಫಿ ಬಟ್ಟಲು ತೊಳೆದಳು, ನಿಂಬೆಹಣ್ಣು ಬೂದಿ ಹಚ್ಚಿ ಕೊರಳಿನ ಬೆಳ್ಳಿ ಶಿಲುಬೆ ತಿಕ್ಕಿದಳು, ಅದೇ ಬೂದಿಯಲ್ಲಿ ರಾಣಿಯನ್ನೂ ತಿಕ್ಕಿದಳು.

"ನೋಡಿ, ಹೆಂಗೆ ಬೆಳಗ್ತಿದಾಳೆ," ಎಂದು ಶುಕ್ರವಾರ ಬೆಳಿಗ್ಗೆ ಗಂಡನ ಮುಂದೆ ಹಿಡಿದಳು. "ಮಸಿ ಹಿಡಿದ ಮುಖಾನ ಅತಿಥಿಗೆ ತೋರಿಸ್ತಿದ್ರಾ? ಮರ್ಯಾದೆ ಬೇಡ್ವಾ?"

ಶಿಮೆಲಿಸ್ ಗೋಡೆಗೆ ಒರಗಿ ಹಾಗೇ ಕೆಳಕ್ಕೆ ಜಾರಿ ಕೂತ. ವಿಷಯ ತಿಳಿದ ಯೆಶಿ ಅವನ ಪಕ್ಕದಲ್ಲೇ ಕೂತಳು.

ಅಷ್ಟರಲ್ಲಿ ಕಾಫಿ ಹುರಿದ ವಾಸನೆ ಹಿಡಿದು ಮೆಂಗೆಶಾ ಮಾವ ಬಂದ. ನಿವೃತ್ತ ಅಂಚೆಯವನು. ಊರಿನ ಕಾಗದವನ್ನೆಲ್ಲ ಹೊತ್ತಿದ್ದರಿಂದ ಊರಿನ ಬುದ್ಧಿಯೆಲ್ಲ ತನ್ನದೇ ಎಂದುಕೊಂಡವನು.

"ಇದಕ್ಕೆ ಯಾಕಯ್ಯಾ ಅಳ್ತೀಯ? ಬೇಯಿಸಿದ ಮೊಟ್ಟೆ ಒಡೆದು, ಅದರ ಜೊತೆ ನಾಣ್ಯ ಡಬ್ಬೀಲಿ ಮುಚ್ಚಿಡು. ಕಪ್ಪಾಗದಿದ್ರೆ ಕೇಳು."

ನಾಲ್ಕು ಮೊಟ್ಟೆ ಒಲೆಯ ಮೇಲೆ ಕುದಿದವು. ಆದರೆ ಅದು ಉಪವಾಸದ ಶುಕ್ರವಾರ, ಹಾಲು ಮಾಂಸ ಮೊಟ್ಟೆ ಯಾವುದೂ ಒಲೆಯ ಬಳಿ ಸುಳಿಯಬಾರದ ದಿನ. ಒಡೆದ ಮೊಟ್ಟೆಯ ವಾಸನೆ ಬೀದಿಗೆ ಹೋಯಿತು, ಬೀದಿ ಶಿಮೆಲಿಸ್‌ನ ಮನೆಗೆ ಬಂತು.

ಎಲ್ಲರಿಗಿಂತ ಮುಂದೆ ಎದುರುಗಡೆಯ ಸಾಂಬ್ರಾಣಿ ಅಂಗಡಿಯ ಬಿರ್ಕೆ. "ಶುಕ್ರವಾರ ಮೊಟ್ಟೆಯಾ?" ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಅದಕ್ಕೇ ಕಣಪ್ಪಾ ನೀನು ಹೊಲಿದಿದ್ದು ಹರಿಯೋದು. ದೇವರು ಮೇಲಿಂದ ನೋಡ್ತಿರ್ತಾನೆ."

"ತಿನ್ನೋಕಲ್ಲ ಬಿರ್ಕೆಯಕ್ಕ, ರಾಣಿಗೆ," ಎಂದ ಶಿಮೆಲಿಸ್.

"ರಾಣಿಗಾದ್ರೆ ಉಪವಾಸ ಇಲ್ವಾ?"

ಬೇರೆ ದಾರಿಯಿಲ್ಲದೆ ಅವನು ಇಡೀ ಕಥೆ ಹೇಳಬೇಕಾಯಿತು. ಕಥೆ ಮುಗಿಸಿ ಡಬ್ಬಿ ತೆರೆದರೆ ರಾಣಿ ಸೀದ ಇಂಜೆರಾ ರೊಟ್ಟಿಯ ಹಾಗೆ ಕಲೆಕಲೆಯಾಗಿದ್ದಳು. ಯೆಶಿ ಮತ್ತೆ ನಿಂಬೆಹಣ್ಣು ತಂದು ತಿಕ್ಕಿದಳು.

ಆಗ ಮೆಂಗೆಶಾ ಮಾವನ ಕಣ್ಣು ಬೀದಿಯಾಚೆ ಬಿರ್ಕೆಯ ತಕ್ಕಡಿಯ ಮೇಲೆ ಬಿತ್ತು. ಅವಳು ಸಾಂಬ್ರಾಣಿ ತೂಗುತ್ತಿದ್ದದ್ದು ಇಂಥದೇ ಒಂದು ರಾಣಿ ನಾಣ್ಯದಿಂದ. ಅವಳ ತಾಯಿಯ ಕಾಲದ್ದು. ತಿಕ್ಕಿದರೆ ತೂಕ ಸವೆಯುತ್ತದೆಂದು ಅದಕ್ಕೆ ನೀರೂ ಸೋಕಿಸಿರಲಿಲ್ಲ. ಕಪ್ಪು ಎಂದರೆ ಒಳ್ಳೆಯ ನೀಲಿಗಪ್ಪು.

"ನಾಣ್ಯಕ್ಕೆ ನಾಣ್ಯ. ಅದಲುಬದಲು ಮಾಡ್ಕೊಳ್ರಪ್ಪ," ಎಂದ ಮಾವ.

ಬಿರ್ಕೆಯ ಮುಖ ಇಳಿಯಿತು. "ಅಮ್ಮನ ತೂಕದ ಬಟ್ಟು ಅದು. ಇನ್ನೊಬ್ಬರ ಕೈಗೆ ಕೊಡಲ್ಲ."

"ಯಾಕೆ, ಅದಕ್ಕೇನು ಕೋಡು ಬಂದಿದ್ಯಾ? ಇವನದೂ ರಾಣಿ, ನಿನ್ನದೂ ರಾಣಿ. ತೂಕ ಒಂದೇ ಅಲ್ವಾ?"

ನೆರೆದ ಹೆಂಗಸರೆಲ್ಲ ಅವಳನ್ನೇ ನೋಡಿದರು. "ಒಂದೇ, ಒಂದೇ," ಎಂದು ಬಿರ್ಕೆ ಅವಸರದಲ್ಲಿ ನಾಣ್ಯ ತಂದುಕೊಟ್ಟಳು. ಶಿಮೆಲಿಸ್ ತಲೆಯಾಡಿಸಿ ಒಪ್ಪಿದ, ಬೆಳಗುವ ರಾಣಿ ಸಾಂಬ್ರಾಣಿ ತಕ್ಕಡಿಗೆ ಹೋದಳು.

ಎರಡನೇ ಸುತ್ತಿನ ಕಾಫಿಗೆ ಸರಿಯಾಗಿ ಗೆಬೆಯೆಹು ಬಂದ. ಯಾರೂ ಎದ್ದು ಹೋಗಲಿಲ್ಲ. ಶಿಮೆಲಿಸ್ ಬಟ್ಟೆ ಬಿಚ್ಚಿದ. ದೂರದಿಂದಲೇ ಬಣ್ಣ ನೋಡಿ ವ್ಯಾಪಾರಿಯ ಮುಖ ಅರಳಿತು. ಭೂತಗನ್ನಡಿ ತೆಗೆದ. ಮುಖ ಸ್ವಲ್ಪ ಮುದುಡಿತು. ಜೇಬಿನಿಂದ ಪುಟ್ಟ ತಕ್ಕಡಿ ತೆಗೆದು ತೂಗಿದ. ಕೊನೆಗೆ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿದ. ಗಣ್ ಎನ್ನಬೇಕಾದ ರಾಣಿ ಟಪ್ ಎಂದಳು.

"ಬಣ್ಣವೇನೋ ಸೊಗಸಾಗಿದೆ," ಎಂದ. "ಆದ್ರೆ ಬೆಳ್ಳಿ ತೆಳ್ಳಗೆ ಮೇಲೆ ಮಾತ್ರ, ಒಳಗೆ ತಾಮ್ರ. ಅಸಲಿ ನಾಣ್ಯಕ್ಕಿಂತ ಬಹಳ ಹಗುರ. ನಾನು ನೋಡಿದ್ದು ಇದಲ್ಲ. ಇದು ಎಲ್ಲಿ ಸಿಕ್ತು?"

ಮನೆಯೊಳಗೆ ಎಲ್ಲರೂ ಮನಸ್ಸಿನಲ್ಲೇ ತಾವು ಇಷ್ಟು ವರ್ಷ ಕೊಂಡ ಸಾಂಬ್ರಾಣಿಯ ಲೆಕ್ಕ ಹಾಕುತ್ತಿದ್ದರು. ಬಿರ್ಕೆ ಸೂರಿನ ಜೇಡರ ಬಲೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

"ದೇವರು ಮೇಲಿಂದ ನೋಡ್ತಿರ್ತಾನೆ ಅಂದ್ಯಲ್ಲ ಬಿರ್ಕೆ," ಎಂದ ಮೆಂಗೆಶಾ ಮಾವ, "ತಕ್ಕಡೀನೂ ನೋಡ್ತಿರ್ತಾನಾ?"

"ನನಗೇನು ಗೊತ್ತು, ಅಮ್ಮ ಕೊಟ್ಟಿದ್ದು," ಎಂದಳು ಬಿರ್ಕೆ ಸಣ್ಣ ದನಿಯಲ್ಲಿ.

ಶಿಮೆಲಿಸ್‌ಗೆ ಅವಳ ಗೊಡವೆ ಬೇಕಿರಲಿಲ್ಲ. ಓಡಿಹೋಗಿ ತಕ್ಕಡಿಯಿಂದ ತನ್ನ ರಾಣಿಯನ್ನು ತಂದು ವ್ಯಾಪಾರಿಯ ಕೈಗಿಟ್ಟ. ಗೆಬೆಯೆಹು ಅದನ್ನು ನೋಡಿ, ಹೆಣದ ಮುಂದೆ ಕೂತವನಂತೆ ತಲೆ ಆಡಿಸಿದ.

"ತೊಳೆದ್ಬಿಟ್ರಾ. ನೂರು ವರ್ಷದ ಬಣ್ಣ ಒಂದು ನಿಂಬೆಹಣ್ಣಿಗೆ ಹೋಯ್ತು. ಇನ್ನು ಬೆಳ್ಳಿಯ ಬೆಲೆ ಮಾತ್ರ ಕೊಡಬಹುದು."

ಅಷ್ಟಾದರೂ ಬರಲಿ ಎಂದುಕೊಂಡ ಶಿಮೆಲಿಸ್. ಅದರಲ್ಲಿ ಯಂತ್ರದ ರಿಪೇರಿಯಾದರೂ ಆಗುತ್ತಿತ್ತು. ಅವನು ಕೈ ಚಾಚಿದ. ನಡುವೆ ಮೆಂಗೆಶಾ ಮಾವನ ಕೈ ಬಂತು.

"ಈ ನಾಣ್ಯ ಬೀದಿ ಬಿಟ್ಟು ಹೋಗಲ್ಲ," ಎಂದು ಮಾವ ರಾಣಿಯನ್ನು ಮುಷ್ಟಿಯಲ್ಲಿ ಹಿಡಿದ. "ಇಷ್ಟು ವರ್ಷಕ್ಕೆ ನಮಗೊಂದು ಸರಿಯಾದ ತೂಕ ಸಿಕ್ಕಿದೆ. ಇನ್ಮೇಲೆ ಬಿರ್ಕೆ ಇದರಲ್ಲೇ ತೂಗ್ಲಿ."

"ಅದು ನನ್ನದು ಮಾವ."

"ಅದಲುಬದಲು ಆಯ್ತಲ್ಲಪ್ಪ. ನಾಣ್ಯಕ್ಕೆ ನಾಣ್ಯ, ಎಲ್ಲರೆದುರಿಗೆ ನೀನೇ ಒಪ್ಪಿದ್ದು."

ಹೌದು ಹೌದು ಎಂದರು ಹೆಂಗಸರು. ಅವರಲ್ಲಿ ಇಬ್ಬರು ಅಲ್ಲೇ ಸಾಂಬ್ರಾಣಿ ತೂಗಿಸಲು ಹೊರಟರು. ವ್ಯಾಪಾರಿ ಮೂರನೇ ಸುತ್ತಿನ ಕಾಫಿ ಕುಡಿದು, ಎಲ್ಲರಿಗೂ ಶುಭ ಹಾರೈಸಿ, ಬಸ್ಸು ಹಿಡಿಯಲು ಹೋದ.

ಸಂಜೆ ಶಿಮೆಲಿಸ್ ಹಳೇ ಯಂತ್ರದ ಮುಂದೆ ಕೂತ. ಹೊಟ್ಟೆ ಚುರುಗುಟ್ಟುತ್ತಿತ್ತು. ನಾಲ್ಕು ಮೊಟ್ಟೆಗಳು ಮನೆಯಲ್ಲೇ ಇದ್ದವು, ಆದರೆ ನಾಳೆಯವರೆಗೆ ಮುಟ್ಟುವಂತಿರಲಿಲ್ಲ. ಏನಾದರಾಗಲಿ, ಕಪ್ಪು ರಾಣಿಯೊಬ್ಬಳಾದರೂ ಉಳಿದಳಲ್ಲ, ಬಣ್ಣ ನೋಡಿ ಮೋಸಹೋಗುವ ಗಿರಾಕಿ ಎಂದಾದರೂ ಬಂದಾನು ಎಂದು ಸಮಾಧಾನ ಹೇಳಿಕೊಂಡ.

ಒಳಗಿನಿಂದ ಯೆಶಿ ಕೈ ಒರೆಸಿಕೊಳ್ಳುತ್ತ ಬಂದಳು. ಬೆಳಗಿನ ತಪ್ಪಿಗೆ ಏನಾದರೂ ಮಾಡಲೇಬೇಕೆಂದು ಅವಳ ಜೀವ ಒದ್ದಾಡಿತ್ತು.

"ಬಿರ್ಕೆಯಕ್ಕನ ನಾಣ್ಯ ಎಷ್ಟು ಕೊಳಕಾಗಿತ್ತು ಅಂತೀರಿ," ಎಂದಳು. "ನಕಲಿ ತಾನೇ, ತೊಳೆದ್ರೇನು ಅಂತ ಬೂದಿ ಹಾಕಿ ಚೆನ್ನಾಗಿ ತಿಕ್ಕಿದೀನಿ. ನೋಡಿ, ಹೊಸ ಮದುವಣಗಿತ್ತಿ ಹಂಗೆ ಕೆಂಪಗಾಗಿದಾಳೆ."