ತಿಂಗಳ ಗಡುವಿನ ಮೆಡಲು

ನಮ್ಮ ಮಾವನವರು ಇಪ್ಪತ್ತೆರಡು ವರ್ಷ ಸಮುದ್ರದ ಮೇಲೆ ಇದ್ದವರು. ಆದರೆ ಶಿಂಷಾ ಹೊಳೆ ದಾಟಬೇಕೆಂದರೆ ಅವರಿಗೆ ಕೈಕಾಲು ನಡುಗುತ್ತಿತ್ತು! ನಂಬುವುದಿಲ್ಲವೆ? ಹಾಗಾದರೆ ಮದ್ದೂರಿನಲ್ಲಿ ಹಳಬರನ್ನು ಯಾರನ್ನು ಬೇಕಾದರೂ ಕೇಳಿ. ಸೇತುವೆಯ ಮೇಲೆ ಅವರು ನಟ್ಟನಡುವೆಯೇ ನಡೆಯುತ್ತಿದ್ದರು. ಎತ್ತಿನ ಗಾಡಿ ಎದುರಾದರೆ ಗಾಡಿಯವನೇ ಅಂಚಿಗೆ ಸರಿಯಬೇಕು. ವೈದ್ಯನಾಥಪುರದ ದೇವಸ್ಥಾನಕ್ಕೆ ಹೋದಾಗ ನಾವೆಲ್ಲ ಹೊಳೆಯಲ್ಲಿ ಮುಳುಗು ಹಾಕಿದರೆ, ಅವರು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂತು, ಒಂದು ಚೊಂಬು ನೀರು ತರಿಸಿ ತಲೆಗೆ ಚಿಮುಕಿಸಿಕೊಳ್ಳುತ್ತಿದ್ದರು.

"ಅಲ್ಲ ಮಾವ, ಅಷ್ಟು ವರ್ಷ ಹಡಗಿನಲ್ಲಿದ್ದೂ ಈಜು ಕಲಿಯಲಿಲ್ಲವೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಹಡಗು ಹತ್ತೋದು ಯಾತಕ್ಕೆ ಅಳಿಯಂದ್ರೆ? ನೀರಿಗೆ ಬೀಳದೆ ಇರೋಕೆ! ಈಜು ಬರೋನಿಗೆ ಹಡಗು ಯಾಕೆ ಬೇಕು?"

ಅಂದಿನಿಂದ ಅವರ ಚೊಂಬಿಗೆ ನೀರು ತರುವ ಕೆಲಸ ನನ್ನದಾಯಿತು.

ಅದು ಸರ್ಕಾರದ ಯುದ್ಧದ ಹಡಗು. ಅವರ ದರ್ಜೆ ಏನು ಎಂದು ಕೇಳಿದರೆ, "ಬಿಳಿಯರಿಗೆಲ್ಲ ಕೆಳಗೆ, ನಮ್ಮವರಿಗೆಲ್ಲ ಮೇಲೆ" ಎನ್ನುತ್ತಿದ್ದರು. ಮದ್ದೂರಿನ ಜನ ಇಷ್ಟು ಸೂಕ್ಷ್ಮಕ್ಕೆ ಹೋಗದೆ ಅವರಿಗೆ ತಾವೇ ಬಡ್ತಿ ಕೊಡುತ್ತಾ ಬಂದರು. ಪಿಂಚಣಿ ಪಡೆದು ಊರಿಗೆ ಬಂದ ವರ್ಷ ಅವರು ಹಡಗಿನ ಸಾಹೇಬರು, ಮಾರನೆಯ ವರ್ಷ ಕಪ್ತಾನರು, ನನ್ನ ಮದುವೆಯ ಹೊತ್ತಿಗೆ ಏಳು ಸಮುದ್ರಕ್ಕೂ ಅವರೇ ಅಧಿಪತಿ! ನಾನೋ ಮಂಡ್ಯದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ದಿನಾ ರೈಲಿನಲ್ಲಿ ಹೋಗಿ ಬಂದು ಆರು ವರ್ಷ ಒಂದೇ ಕುರ್ಚಿ ಸವೆಸಿದವನು. ಜಗಲಿಯ ಮೇಲೆ ಕೂತಲ್ಲೇ ಬಡ್ತಿ ಪಡೆಯುವ ಮನುಷ್ಯನನ್ನು ಕಂಡರೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೆ?

ಅವರ ಬಳಿ ಮೂರು ಮೆಡಲುಗಳಿದ್ದವು. ಅವು ಇದ್ದದ್ದು ದೇವರ ಮನೆಯಲ್ಲಿ. ಅದು ಅತ್ತೆಯವರ ಏರ್ಪಾಡು. ಮೆಡಲುಗಳ ಮೇಲೆ ಚಕ್ರವರ್ತಿಗಳ ಮುಖ ಅಚ್ಚಾಗಿತ್ತು. ಅತ್ತೆಯವರು ಪ್ರತಿ ಶುಕ್ರವಾರ ವಿಭೂತಿ ಹಾಕಿ ಅವನ್ನು ಬೆಳಗಿ, ಚಕ್ರವರ್ತಿಗಳ ಹಣೆಗೆ ಕುಂಕುಮ ಇಟ್ಟು, ಒಂದು ಹೂವು ಏರಿಸುತ್ತಿದ್ದರು. "ಯಾರಾದರೇನು, ನಮ್ಮನೆ ಅನ್ನಕ್ಕೆ ದಾರಿ ಮಾಡಿದ ಮುಖ" ಎಂಬುದು ಅವರ ವಾದ. ಚಕ್ರವರ್ತಿಗಳಿಗೆ ವಾರಕ್ಕೊಮ್ಮೆ ಕುಂಕುಮಾರ್ಚನೆ ನಡೆಯುತ್ತಿದ್ದ ಮನೆ ಇಡೀ ಸಾಮ್ರಾಜ್ಯದಲ್ಲಿ ಅದೊಂದೇ ಇರಬೇಕು.

ಮಾವನವರು ಮಾತ್ರ ಅವನ್ನು ಒಂದು ದಿನವೂ ಎದೆಗೆ ಹಾಕಿಕೊಂಡವರಲ್ಲ. ಅವರು ಮಾಡುತ್ತಿದ್ದದ್ದು ಬೇರೆ ಕೆಲಸ. ಮೂರರಲ್ಲಿ ಎರಡನ್ನು ಊರಿನವರಿಗೆ ಎರವಲು ಕೊಡುತ್ತಿದ್ದರು! ಯಾರಾದರೂ ಧೈರ್ಯದ ಕೆಲಸ ಮಾಡಿದರು ಎಂದು ಕಿವಿಗೆ ಬಿದ್ದರೆ ಸಾಕು, ಕರಿಯ ಕೋಟು ತೊಟ್ಟು ಅವರ ಮನೆಗೆ ಹೋಗಿ, ಎದೆಗೆ ಮೆಡಲು ಸಿಕ್ಕಿಸಿ, "ಒಂದು ತಿಂಗಳು" ಎಂದು ಹೇಳಿ ಬರುತ್ತಿದ್ದರು. ಗಡುವು ಮೀರಿದರೆ ಬೈಗುಳ ಇಲ್ಲ, ದಂಡ ಇಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ನಿಮ್ಮ ಬಾಗಿಲಿಗೆ ಬಂದು ಸೆಲ್ಯೂಟ್ ಹೊಡೆದು ನಿಲ್ಲುತ್ತಿದ್ದರು. ಮೆಡಲು ವಾಪಸು ಬರುವವರೆಗೆ ಕೈ ಇಳಿಸುತ್ತಿರಲಿಲ್ಲ.

ಮೊದಲ ಮೆಡಲು ಹೋದದ್ದು ಸೂಲಗಿತ್ತಿ ಕೆಂಪಮ್ಮನಿಗೆ. ಹೊಳೆ ತುಂಬಿ ಹರಿಯುತ್ತಿದ್ದ ದಿನ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿ ತಾಯಿ ಮಗು ಎರಡನ್ನೂ ಉಳಿಸಿ ಬಂದಿದ್ದಳು. ಮಾವನವರು ಮೆಡಲು ಹಿಡಿದು ನಿಂತರೆ ಅವಳು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಹೋದಳು.

"ಇದ್ಯಾಕ್ ಬುದ್ಯೋರೆ ನಂಗೆ? ಈ ಬಿಲ್ಲೇನ ಎಲ್ಲಿಗ್ ಸಿಕ್ಕಿಸ್ಕೊಳ್ಳಾನ?"

"ನೀನು ಮಾಡಿದ ಕೆಲಸ ನನ್ನ ಕೈಲಿ ಆಗ್ತಿರಲಿಲ್ಲ ಕಣಮ್ಮ. ಆ ಹರಿಗೋಲನ್ನ ನೋಡಿದ್ರೇ ನಾನು ಬಿದ್ದು ಹೋಗ್ತಿದ್ದೆ."

"ಅಯ್ಯೋ ಬುಡಿ, ಎರ್ಗೆ ನೋವ್ ಬಂದೈತೆ ಅಂದ್ರೆ ಒಳೆ ನೋಡ್ಕಂಡ್ ಕುಂತ್ಕತಾರಾ?" ಎಂದಳು ಕೆಂಪಮ್ಮ. ಆದರೂ ಸೆರಗಿಗೆ ಸಿಕ್ಕಿಸಿಕೊಂಡಳು. ಆ ತಿಂಗಳು ಚಿಕ್ಕರಸಿನಕೆರೆಯವರೆಗೂ ಬಸುರಿಯರೆಲ್ಲ ಬಿಲ್ಲೆ ಕೆಂಪಮ್ಮನೇ ಬರಬೇಕೆಂದು ಹಟ ಹಿಡಿದರಂತೆ.

ಎರಡನೆಯದು ಮಳವಳ್ಳಿ ಬಸ್ಸಿನ ಡ್ರೈವರು ಪುಟ್ಟಸ್ವಾಮಿಗೆ. ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಾಗ ಅವನು ಬಸ್ಸನ್ನು ಹುಲ್ಲಿನ ಮೆದೆಗೆ ನುಗ್ಗಿಸಿ ಹದಿನಾಲ್ಕು ಜನರನ್ನು ಉಳಿಸಿದ್ದ. ಮೆಡಲನ್ನು ಅವನು ಎದೆಗೆ ಹಾಕಿಕೊಳ್ಳದೆ ಬಸ್ಸಿನ ಮುಂದೆ, ನಿಂಬೆಹಣ್ಣಿನ ಪಕ್ಕಕ್ಕೆ ಕಟ್ಟಿದ. ತಿಂಗಳಾದರೂ ಬಿಚ್ಚಲಿಲ್ಲ. ಮಾರನೆಯ ಬೆಳಿಗ್ಗೆ ಎಂಟಕ್ಕೆ ಹೊರಡಬೇಕಾದ ಬಸ್ಸಿನ ಎದುರು ನಮ್ಮ ಮಾವನವರು ಸೆಲ್ಯೂಟ್ ಹೊಡೆದು ನಿಂತಿದ್ದರು! ಹಾರ್ನ್ ಒತ್ತಿದರೂ ಅಲುಗಲಿಲ್ಲ. ಒಳಗಿದ್ದ ಜನ, "ಕೊಟ್ಬುಡ್ಲಾ ಪುಟ್ಸಾಮಿ, ಸಂತೆ ತಪ್ಪೋಯ್ತದೆ!" ಎಂದು ಕೂಗಿಕೊಂಡರು.

ಪುಟ್ಟಸ್ವಾಮಿ ಇಳಿದು ಬಂದು ಮೆಡಲು ಬಿಚ್ಚಿಕೊಟ್ಟ. "ಇನ್ನೊಂದ್ಸಲ ಬ್ರೇಕ್ ಕೆಟ್ರೆ ತಿರ್ಗಾ ಕೊಡ್ತೀರಾ ಸ್ವಾಮಿ?" ಎಂದು ಕೇಳಿದನಂತೆ.

ಇದನ್ನೆಲ್ಲ ನೋಡಿ ನೋಡಿ ನನಗೂ ಆಸೆ ಹುಟ್ಟಿತು. ಪಕ್ಕದ ಬೀದಿಯಲ್ಲಿದ್ದ ನಮ್ಮ ಮನೆಯಿಂದ ಒಂದು ಭಾನುವಾರ ಅವರಲ್ಲಿಗೆ ಊಟಕ್ಕೆ ಹೋದಾಗ, "ಮಾವ, ನಿಮ್ಮ ಮಗಳ ಜೊತೆ ಆರು ವರ್ಷ ಸಂಸಾರ ಮಾಡಿದ್ದೇನೆ. ಅದಕ್ಕೇನೂ ಇಲ್ಲವೆ?" ಎಂದೆ. ಅವರು ಗಂಭೀರವಾಗಿ ಯೋಚಿಸಿ, "ನೀವು ಹೇಳೋದು ಸರಿ" ಎಂದು ಒಳಗೆ ಹೋದರು, ಮೆಡಲು ತಂದರು, ಅಡಿಗೆ ಮನೆಯಲ್ಲಿದ್ದ ನನ್ನ ಹೆಂಡತಿಯ ಸೆರಗಿಗೆ ಸಿಕ್ಕಿಸಿ ಬಂದರು. ಒಂದು ತಿಂಗಳು ಅವಳು ಅದನ್ನು ತೊಟ್ಟುಕೊಂಡೇ ನನಗೆ ಹುಳಿ ಬಡಿಸಿದಳು.

ಮೂರನೆಯ ಮೆಡಲನ್ನು ಮಾತ್ರ ಅವರು ಯಾರಿಗೂ ಕೊಡುತ್ತಿರಲಿಲ್ಲ. ಅದು ದೇವರ ಮನೆ ಬಿಟ್ಟು ಹೊರಗೆ ಬಂದದ್ದನ್ನೇ ನಾನು ಕಂಡಿರಲಿಲ್ಲ. ಅದೇ ದೊಡ್ಡದು, ಶೌರ್ಯಕ್ಕೆ ಬಂದದ್ದು ಎಂದು ಅತ್ತೆಯವರು ಹೇಳಿದ್ದರು.

ಹೀಗಿರುವಾಗ ಒಂದು ವರ್ಷ ಮಹಾರಾಜರ ವರ್ಧಂತಿಗೆ ಮಂಡ್ಯದಲ್ಲಿ ದೊಡ್ಡ ಸಭೆ ಏರ್ಪಾಟಾಯಿತು. ಯುದ್ಧದಲ್ಲಿ ಮೆಡಲು ಪಡೆದವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ, ಹೆಸರು ಕೂಗಿ, ಹಾರ ಹಾಕುವುದೆಂದು ತೀರ್ಮಾನ. ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ತಾಲ್ಲೂಕಿಗೇ ದೊಡ್ಡವರಾದ ಅಮಲ್ದಾರರು ನನ್ನನ್ನು ಕರೆದು, "ನಿಮ್ಮ ಮಾವನವರ ಹೆಸರೇ ಮೊದಲು ಇರಲಿ. ಮೂರೂ ಮೆಡಲು ಹಾಕಿಕೊಂಡು ಬರಬೇಕು" ಎಂದರು. ಆರು ವರ್ಷದಲ್ಲಿ ಅಮಲ್ದಾರರು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಕರೆತರುತ್ತೇನೆ ಎಂದು ಎದೆ ತಟ್ಟಿ ಹೇಳಿ ಬಂದೆ.

ಮಾವನವರು ವಿಷಯ ಕೇಳಿ, "ಎರಡು ಬೇಕಾದ್ರೆ ಹಾಕ್ಕೋತೀನಿ. ಮೂರನೇದು ಆಗಲ್ಲ" ಎಂದರು.

ನನಗೆ ಸಿಟ್ಟೇ ಬಂತು. ಊರಿಗೆಲ್ಲ ಹಂಚುವ ಮನುಷ್ಯ ತನ್ನ ಅಳಿಯನ ಮಾನಕ್ಕಾಗಿ ಅರ್ಧ ಗಂಟೆ ತನ್ನದೇ ಮೆಡಲು ತೊಡಬಾರದೆ? ಹಾಗೆಂದು ಕೇಳಿಯೂಬಿಟ್ಟೆ.

"ಅದು ನಂದಲ್ಲ ಅಳಿಯಂದ್ರೆ" ಎಂದರು. ಆಮೇಲೆ ಜಗಲಿಯ ಮೇಲೆ ಕೂತು, ಬೀದಿ ನೋಡುತ್ತ ಹೇಳಿದರು. "ಯುದ್ಧದಲ್ಲಿ, ಬಸ್ರಾ ಹತ್ರ ಸಮುದ್ರದಲ್ಲಿ ನಮ್ಮ ಹಡಗು ಒಡೀತು. ಬಾಯ್ಲರಿಗೆ ಕಲ್ಲಿದ್ದಲು ಹಾಕೋ ಕಾಸಿಂ ಅಂತ ಒಬ್ಬ ಇದ್ದ. ಕೆಳಗೆ ಸಿಕ್ಕಿಹಾಕ್ಕೊಂಡಿದ್ದ ಏಳು ಜನರನ್ನ ಮೇಲಕ್ಕೆ ಎಳೆದು ತಂದೋನು ಅವನು. ನಾನು ಕಂಬಿ ಹಿಡ್ಕೊಂಡು ನಿಂತಿದ್ದೆ. ಕಾಲೇ ಬರಲಿಲ್ಲ. ಕೊನೇಗೆ ಅವನ ಹತ್ರ ತೇಲೋ ಅಂಗಿ ಒಂದಿತ್ತು, ಅದನ್ನ ಬಿಚ್ಚಿ ನನಗೆ ತೊಡಿಸಿದ. 'ನಿಮಗೆ ಈಜು ಬರಲ್ಲ ಸಾಹೇಬ್, ನನಗೆ ಬರುತ್ತೆ' ಅಂದ. ದಡ ತುಂಬಾ ದೂರ ಇತ್ತು."

ಅವರು ಬೀದಿಯಿಂದ ಕಣ್ಣು ತೆಗೆಯದೆ ಮುಂದುವರಿಸಿದರು.

"ನಡೆದದ್ದು ನಡೆದ ಹಾಗೆ ಬರೆದುಕೊಟ್ಟೆ. ಬೆಂಕಿ ಹಾಕೋನಿಗೆ ಮೆಡಲು ಕೊಡೋ ಪದ್ಧತಿ ಇಲ್ಲ ಅಂದ್ರು. ಅಲ್ಲಿ ಬದುಕಿ ಉಳಿದೋರಲ್ಲಿ ಮೇಲಿನ ದರ್ಜೆಯೋನು ಯಾರು ಅಂತ ನೋಡಿ ನನ್ನ ಹೆಸರು ಬರೆದ್ರು. ಅವನ ಮನೆ ಎಲ್ಲಿ ಅಂತ ಎಷ್ಟು ಕಾಗದ ಬರೆದೆನೋ! ಒಂದಕ್ಕೂ ಜವಾಬಿಲ್ಲ. ಯಾವ ಪಟ್ಟೀಲೂ ಅವನ ಹೆಸರಿಲ್ಲ."

ಅಷ್ಟು ದಿನ ಊರೆಲ್ಲ ನಕ್ಕ ಎರವಲಿನ ಕಥೆ ನನಗೆ ಆಗ ಅರ್ಥವಾಯಿತು. ನಾನೂ ನಕ್ಕವನೇ ಅಲ್ಲವೆ ಎಂದು ನಾಚಿಕೆಯಾಯಿತು.

ಮಾರನೆಯ ದಿನ ಕಚೇರಿಯಲ್ಲಿ ಪಟ್ಟಿಯ ಮುಂದೆ ಕೂತೆ. ಒಂದು ಹೆಸರು ಹೆಚ್ಚುಕಡಿಮೆ ಬರೆದ ಗುಮಾಸ್ತೆಯನ್ನು ನಮ್ಮ ಅಮಲ್ದಾರರು ಯಾವುದೋ ಮೂಲೆಗೆ ವರ್ಗ ಮಾಡಿಸಿದ್ದು ನೆನಪಿತ್ತು. ಆದರೂ ಮೊದಲನೆಯ ಸಾಲಿನಲ್ಲಿ ದುಂಡಾಗಿ ಬರೆದೆ: ಕಾಸಿಂ, ಶೌರ್ಯದ ಮೆಡಲು. ಎರಡನೆಯ ಸಾಲಿಗೆ ಮಾವನವರ ಹೆಸರು. ಅವರಿಗೂ ಹೇಳಲಿಲ್ಲ. "ಮೂರನೇದನ್ನ ತೊಡಬೇಡಿ, ಜೇಬಿನಲ್ಲಿ ಇಟ್ಟುಕೊಂಡು ಬನ್ನಿ" ಎಂದಷ್ಟೇ ಹೇಳಿದೆ.

ಸಭೆಯ ಬೆಳಿಗ್ಗೆ ಅಮಲ್ದಾರರು ಪಟ್ಟಿ ಬಿಡಿಸಿ ಮೊದಲ ಹೆಸರು ಕೂಗಿದರು. "ಕಾಸಿಂ!"

ಯಾರೂ ಏಳಲಿಲ್ಲ. ಅಮಲ್ದಾರರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಕೂಗಿದರು. ಆಗ ಮುಂದಿನ ಸಾಲಿನಲ್ಲಿ ನಮ್ಮ ಮಾವನವರು ಎದ್ದು ನಿಂತರು. ಜೇಬಿನಿಂದ ಮೆಡಲು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಚಪ್ಪರ ನಡುಗುವ ಹಾಗೆ ಕೂಗಿದರು. "ಹಾಜರ್!"

"ನೀವು ಕಾಸಿಮರಲ್ಲವಲ್ಲ!"

"ಅವನು ಸಮುದ್ರದಲ್ಲಿದಾನೆ ಸ್ವಾಮಿ. ಅವನ ಪರವಾಗಿ ನಾನು ಬಂದಿದೀನಿ."

ಅಮಲ್ದಾರರು ನನ್ನ ಕಡೆ ನೋಡಿದರು. ನನ್ನ ಗಂಟುಮೂಟೆ ಕಟ್ಟಿಯಾಯಿತು ಎಂದುಕೊಂಡೆ. ಆದರೆ ಅವರು ಹಾರ ಎತ್ತಿ ಮಾವನವರ ಕೈಗೆ ಕೊಟ್ಟರು, ಕೊರಳಿಗೆ ಹಾಕಲಿಲ್ಲ. ಸಂಜೆ ಕಚೇರಿಯಲ್ಲಿ, "ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗಿತ್ತು, ಗುಮಾಸ್ತರೆ" ಎಂದರು. ಹೌದು ಸ್ವಾಮಿ ಎಂದೆ. "ಕಡತದಲ್ಲಿ ಇರಲಿ ಬಿಡಿ" ಎಂದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಮಾವನವರು ಕರಿಯ ಕೋಟು ತೊಟ್ಟು ಬಂದರು. ಇವತ್ತು ಯಾರ ಸರದಿಯೋ ಎಂದು ನೋಡುತ್ತಿರುವಾಗಲೇ ಆ ಮೂರನೆಯ ಮೆಡಲನ್ನು ನನ್ನ ಎದೆಗೆ ಸಿಕ್ಕಿಸಿದರು.

"ನಾನೇನು ಮಾಡಿದೆ ಮಾವ? ಒಂದು ಸಾಲು ಬರೆದೆ, ಅಷ್ಟೆ."

"ಆ ಒಂದು ಸಾಲನ್ನ ಇಷ್ಟು ವರ್ಷ ಯಾರೂ ಬರೀಲಿಲ್ಲವಲ್ಲ" ಎಂದರು. ಬೀದಿಗೆ ಇಳಿದವರು ತಿರುಗಿ ನೋಡಿ, ಬೆರಳೆತ್ತಿ, "ಒಂದು ತಿಂಗಳು!" ಎಂದರು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಊಟ ಮಾಡಿ ತಮ್ಮ ಜಗಲಿಯ ಮೇಲೆ ಮಲಗಿದ ಮಾವನವರು ಮತ್ತೆ ಏಳಲಿಲ್ಲ.

ತಿಂಗಳು ತುಂಬಿತು. "ಮೆಡಲು ಅಮ್ಮನ ಕೈಗೆ ಕೊಟ್ಟುಬಿಡಿ" ಎಂದಳು ಹೆಂಡತಿ. ನಾನು ಬೇಕೆಂದೇ ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಬೇಗ ಸ್ನಾನ ಮಾಡಿ, ಮೆಡಲು ಸಿಕ್ಕಿಸಿಕೊಂಡು, ಬೀದಿಯ ಬಾಗಿಲು ಪೂರ್ತಿ ತೆರೆದು, ಜಗಲಿಯ ಮೇಲೆ ಕೂತೆ. ಎಂಟು ಗಂಟೆಯಾಯಿತು. ಎಂಟೂವರೆಯಾಯಿತು. ನಾನು ಹೋಗಬೇಕಾದ ರೈಲು ಕೂಗಿಕೊಂಡು ಮಂಡ್ಯದ ಕಡೆ ಹೋಯಿತು. ಗಡುವು ಮೀರಿದೆ ಎಂದು ಸೆಲ್ಯೂಟ್ ಹೊಡೆದು ನಿಲ್ಲಲು ಯಾರೂ ಬರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಹೆಂಡತಿ ಹೊರಗೆ ಬಂದು ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. ಅವಳೂ ಪಕ್ಕದಲ್ಲಿ ಕೂತು ಬೀದಿ ನೋಡತೊಡಗಿದಳು.